ಬ್ಯಾಂಕು ಹೇಳಿತೋ, ಬ್ಯಾಂಕಿನವರು ಹೇಳಿದರೋ?

2025ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಒಂದು ಸೋಪಿನ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ನೇಮಿಸಿ, 6.20 ಕೋಟಿ ರೂಪಾಯಿ ಕೊಡಲು ಸರ್ಕಾರ ಒಪ್ಪಿತ್ತು. ದುಡ್ಡು ಜಾಸ್ತಿಯಾಯಿತು ಎಂದವರಿದ್ದರು. ಅದಕ್ಕಿಂತ ಜೋರಾಗಿ ಕೇಳಿಬಂದದ್ದು ಇನ್ನೊಂದು ಮಾತು: ನಮ್ಮ ಸೋಪಿಗೆ ನಮ್ಮವರೇ ಯಾರೂ ಸಿಗಲಿಲ್ವಾ? ರಾಜ್ಯದ ಹೊರಗಿನ ಮಾರುಕಟ್ಟೆ ಹಿಡಿಯಬೇಕು, ಅದಕ್ಕಾಗಿ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲರು ವಿವರಿಸಿದರು. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಆದರೆ ಜನ ಕೇಳಿದ್ದು ವ್ಯಾಪಾರದ ಪ್ರಶ್ನೆ ಆಗಿರಲಿಲ್ಲ. ಅವರ ಮನಸ್ಸಿನಲ್ಲಿ ಆ ಸೋಪು 1916ರಿಂದ ನಮ್ಮ ಮನೆಯಲ್ಲೇ ಬೆಳೆದ ಮಗಳು. ಅವಳ ಪರವಾಗಿ ಮಾತಾಡಲು ಮನೆಯವರನ್ನು ಬಿಟ್ಟು ಹೊರಗಿನವರನ್ನು ಕರೆದರು ಅನ್ನೋದು ನೋವು.

ಒಂದು ಕಾರ್ಖಾನೆ ಮಗಳಾಗುವುದು ಹೇಗೆ? ಇದು ಸೋಪಿನ ಕಥೆ ಮಾತ್ರ ಅಲ್ಲ. ಆ ಬ್ಯಾಂಕು ಒಳ್ಳೇದು, ಈ ಕಂಪನಿ ಜುಗ್ಗ, ಆ ಆಸ್ಪತ್ರೆಗೆ ಕರುಣೆ ಇಲ್ಲ, ಈ ಕಾಲೇಜಿಗೆ ಅಹಂಕಾರ, ಸರ್ಕಾರಕ್ಕೆ ಕಿವಿ ಕೇಳಿಸಲ್ಲ. ದಿನಾ ಆಡುವ ಮಾತುಗಳು ಇವು. ಕರುಣೆ, ಜುಗ್ಗತನ, ಅಹಂಕಾರ ಎಲ್ಲ ಮನುಷ್ಯರ ಗುಣಗಳು. ಬೋರ್ಡು, ಕಟ್ಟಡ, ಕಡತ ಮತ್ತು ಸಾವಿರಾರು ಜನ ಸೇರಿ ಆದ ಒಂದು ಸಂಸ್ಥೆಗೆ ಇವು ಅಂಟಿಕೊಳ್ಳುವುದು ಹೇಗೆ, ಅಂಟಿಕೊಂಡ ಮೇಲೆ ನಮಗೆ ಏನಾಗುತ್ತದೆ ಅನ್ನೋದನ್ನು ಒಮ್ಮೆ ನಿಧಾನವಾಗಿ ನೋಡಬೇಕು ಅನ್ನಿಸಿತು. ಯಾಕಂದರೆ ಈಗ ಸಂಸ್ಥೆಗಳು ಈ ನಮ್ಮ ಅಭ್ಯಾಸವನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿವೆ.

ಈ ಅಭ್ಯಾಸ ಬಹಳ ಆಳದ್ದು. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ಮಾಡಿ ಜನರಿಗೆ ತೋರಿಸಿದರು. ಅದರಲ್ಲಿ ಎರಡು ತ್ರಿಕೋನ, ಒಂದು ಸಣ್ಣ ವೃತ್ತ, ಬಾಗಿಲಿರುವ ಒಂದು ಆಯತ, ಅಷ್ಟೇ. ಅವು ಅತ್ತಿತ್ತ ಓಡಾಡುತ್ತವೆ. ಏನು ಕಂಡಿರಿ ಎಂದು ಮೊದಲ ಗುಂಪಿನ 34 ಜನರನ್ನು ಕೇಳಿದಾಗ, ಬರೀ ಆಕೃತಿಗಳ ಚಲನೆ ಎಂಬಂತೆ ವಿವರಿಸಿದ್ದು ಒಬ್ಬರೇ. ಉಳಿದವರಿಗೆ ಅಲ್ಲಿ ಜಗಳಗಂಟ ಕಂಡ, ಹೆದರಿದವಳು ಕಂಡಳು, ಪ್ರೀತಿ ಕಂಡಿತು. ಒಂದು ತ್ರಿಕೋನಕ್ಕೇ ಸಿಟ್ಟು ಇದೆ ಎಂದು ನಂಬುವ ಮನಸ್ಸು, ದಿನಾ ಪತ್ರ ಬರೆಯುವ, ದುಡ್ಡು ಕೇಳುವ, ದಂಡ ಹಾಕುವ ಒಂದು ಸಂಸ್ಥೆಗೆ ಸ್ವಭಾವ ಕೊಡದೆ ಇರುತ್ತದೆಯೇ?

ಸಂಸ್ಥೆಗಳಿಗೆ ಜನ ಯಾವ ಯಾವ ಗುಣ ಹಚ್ಚುತ್ತಾರೆ ಎಂದು ಅಳೆದು ನೋಡಿದವರೂ ಇದ್ದಾರೆ. 1997ರಲ್ಲಿ ಜೆನಿಫರ್ ಆಕರ್ ಅಮೆರಿಕದಲ್ಲಿ ಬ್ರ್ಯಾಂಡ್‌ಗಳ ಬಗ್ಗೆ ಈ ಕೆಲಸ ಮಾಡಿದರು. ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಗಟ್ಟಿತನ ಎಂಬ ಐದು ಗುಂಪು ಅವರಿಗೆ ಸಿಕ್ಕಿತು. 2004ರಲ್ಲಿ ಜೆರೆಲ್ ಸ್ಲಾಟರ್ ಮತ್ತು ಜೊತೆಗಾರರು ಅದನ್ನೇ ಕೆಲಸ ಕೊಡುವ ಕಂಪನಿಗಳ ಬಗ್ಗೆ ಮಾಡಿದರು. ಅಲ್ಲೂ ಐದು ಗುಂಪು ಬಂತು. ಮೊದಲನೆಯದಕ್ಕೆ ಅವರು 'ಬಾಯ್ ಸ್ಕೌಟ್' ಎಂದೇ ಹೆಸರಿಟ್ಟರು, ಅಂದರೆ ನಂಬಿಕಸ್ಥ, ಮನೆಯವರನ್ನು ನೋಡಿಕೊಳ್ಳುವ ಹುಡುಗ. ಉಳಿದವು ಹೊಸತನ, ದರ್ಪ, ಜುಗ್ಗತನ ಮತ್ತು ಸ್ಟೈಲು. ಓದಿದಾಗ ನನಗೆ ನಮ್ಮೂರ ಮದುವೆ ಮಾತುಕತೆ ನೆನಪಾಯಿತು. ಹುಡುಗನ ಮನೆಯವರ ಬಗ್ಗೆ ವಿಚಾರಿಸುವಾಗ ಕೇಳೋದೂ ಇದನ್ನೇ ಅಲ್ವಾ? ನಂಬಬಹುದಾ, ಕೈ ಬಿಗಿಯಾ, ದರ್ಪದವರಾ?

ಇನ್ನೊಂದು ಅಧ್ಯಯನ ನಮ್ಮ ಊರಿಗೆ ಇನ್ನೂ ಹತ್ತಿರ. 2010ರಲ್ಲಿ ಆಕರ್, ಕ್ಯಾಥ್ಲೀನ್ ವೋಸ್ ಮತ್ತು ಕ್ಯಾಸಿ ಮೊಗಿಲ್ನರ್ ತೋರಿಸಿದ್ದು ಏನೆಂದರೆ, ಲಾಭಕ್ಕಾಗಿ ದುಡಿಯದ ಸಂಸ್ಥೆಗಳನ್ನು ಜನ ಅಂತಃಕರಣ ಉಳ್ಳವು ಎಂದು ನೋಡುತ್ತಾರೆ, ಆದರೆ ಕೆಲಸದಲ್ಲಿ ಚುರುಕಿಲ್ಲ ಎಂದುಕೊಳ್ಳುತ್ತಾರೆ. ಲಾಭದ ಕಂಪನಿಗಳು ಇದಕ್ಕೆ ತಿರುಗಾಮುರುಗಾ. ನಮ್ಮಲ್ಲಿ ಸಹಕಾರ ಸಂಘಗಳ ಬಗ್ಗೆ, ಸರ್ಕಾರಿ ಬ್ಯಾಂಕುಗಳ ಬಗ್ಗೆ ಇರುವ ಮಾತು ಇದೇ. 'ನಿಧಾನ, ಆದ್ರೆ ಮೋಸ ಮಾಡಲ್ಲ.' ಖಾಸಗಿಯವರಿಗೆ: 'ಕೆಲಸ ಫಟಾಫಟ್, ಆದ್ರೆ ಹುಷಾರಾಗಿರಬೇಕು.' ಒಂದೊಂದು ಸಂಘವನ್ನು, ಒಂದೊಂದು ಬ್ಯಾಂಕನ್ನು ನೋಡಿ ಪರೀಕ್ಷಿಸಿ ಹೇಳಿದ ಮಾತಲ್ಲ ಇದು. ಬೋರ್ಡು ನೋಡಿದ ಕೂಡಲೇ ಬಾಯಿಗೆ ಬರುವ ಮಾತು.

ಇಲ್ಲಿ ಕನ್ನಡದ ಒಂದು ವಿಶೇಷ ಹೇಳಲೇಬೇಕು. ಮನೆಯಲ್ಲಿ ಕರೆಂಟು ಹೋದರೆ ನಾವು ಏನು ಹೇಳುತ್ತೇವೆ? 'ಕರೆಂಟ್ ತೆಗೆದ್ರು.' ಯಾರು ತೆಗೆದರು? 'ಕೆಇಬಿಯವರು.' ಕರ್ನಾಟಕ ವಿದ್ಯುತ್ ಮಂಡಳಿ 1999ರಲ್ಲೇ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಅಂತ ಒಡೆದುಕೊಂಡಿತು. ಎರಡು ದಶಕ ದಾಟಿದರೂ ಎಷ್ಟೋ ಮನೆಗಳಲ್ಲಿ ಅದು ಕೆಇಬಿಯೇ. ಆದರೆ ನಾನು ಹೇಳಹೊರಟದ್ದು ಆ 'ಯವರು' ಬಗ್ಗೆ. ಬ್ಯಾಂಕಿನವರು ಫೋನ್ ಮಾಡಿದ್ರು. ಗ್ಯಾಸಿನವರು ಬರಲಿಲ್ಲ. ಪಂಚಾಯ್ತಿಯವರು ನೀರು ಬಿಟ್ಟಿಲ್ಲ. ಆಡುಮಾತಿನ ಕನ್ನಡದಲ್ಲಿ ಕೆಲಸ ಮಾಡುವುದು, ತಪ್ಪು ಮಾಡುವುದು ಸಂಸ್ಥೆ ಅಲ್ಲ, ಸಂಸ್ಥೆಯ ಜನ. ಯಾರು ಅಂತ ಗೊತ್ತಿಲ್ಲದಿದ್ದರೂ ಯಾರೋ ಒಬ್ಬ ಮನುಷ್ಯ ಇದ್ದಾನೆ ಎಂದು ನಮ್ಮ ಮಾತಿಗೆ ಗೊತ್ತು.

ಗುಣದ ಮಾತು ಬಂದಾಗ ಮಾತ್ರ ಈ 'ನವರು' ಎಷ್ಟೋ ಸಲ ಜಾರಿಬೀಳುತ್ತದೆ. 'ಬ್ಯಾಂಕಿನವರು ಫಾರಂ ಕೊಟ್ರು' ಅನ್ನುವವರೇ 'ಆ ಬ್ಯಾಂಕು ಒಳ್ಳೇದು' ಅನ್ನುತ್ತಾರೆ. ಕೆಲಸ ಜನರದ್ದು, ಸ್ವಭಾವ ಬೋರ್ಡಿನದ್ದು. ಇನ್ನು ಪತ್ರಿಕಾ ಹೇಳಿಕೆಯ ಕನ್ನಡ ನೋಡಿ. ಅಲ್ಲಿ 'ಸಂಸ್ಥೆ ವಿಷಾದಿಸುತ್ತದೆ', 'ಬ್ಯಾಂಕು ನಿರ್ಧರಿಸಿದೆ', 'ಎಂದು ತೀರ್ಮಾನಿಸಲಾಗಿದೆ'. ವಿಷಾದ ಪಡಲು ಸಂಸ್ಥೆಗೆ ಎದೆ ಇದೆ, ನಿರ್ಧರಿಸಲು ತಲೆ ಇದೆ, ಆದರೆ ಸಹಿ ಹಾಕಿದ ಕೈ ಯಾರದ್ದು ಎಂದು ಎಲ್ಲೂ ಇಲ್ಲ. ನಮ್ಮ ಮನೆಮಾತು ಉಳಿಸಿಕೊಂಡಿದ್ದ ಮನುಷ್ಯರನ್ನು ಈ ಬರಹದ ಭಾಷೆ ಹೊರಗೆ ಕಳಿಸಿಬಿಟ್ಟಿದೆ.

ನಂದಿನಿಯ ವಿಷಯ ತೆಗೆದುಕೊಳ್ಳಿ. 2023ರ ಏಪ್ರಿಲ್ 5ರಂದು ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರಲು ಬರುತ್ತಿದ್ದೇವೆ ಎಂದು ಟ್ವೀಟ್ ಮಾಡಿತು. ವಿಧಾನಸಭೆ ಚುನಾವಣೆಗೆ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಮಯ ಇತ್ತು. 'ನಂದಿನಿ ಉಳಿಸಿ' ಎಂಬ ಕೂಗು ಎದ್ದಿತು. ನಾವು ನಂದಿನಿ ಹಾಲನ್ನೇ ಬಳಸುತ್ತೇವೆ ಎಂದು ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೇಳಿತು. ಅಮುಲ್ ಕೂಡ ರೈತರ ಸಹಕಾರ ಸಂಘವೇ. 1946ರಲ್ಲಿ ಗುಜರಾತಿನ ಆನಂದ್‌ನಲ್ಲಿ ಹುಟ್ಟಿದ್ದು. ನಮ್ಮ ಕೆಎಂಎಫ್ ಬೆಳೆದದ್ದೂ ಆ ಆನಂದ್ ಮಾದರಿಯಲ್ಲೇ. ಆದರೆ ಆ ಏಪ್ರಿಲ್‌ನಲ್ಲಿ ಒಂದು ತವರಿನ ಹೆಣ್ಣುಮಗಳು, ಇನ್ನೊಂದು ಹೊರಗಿಂದ ಬಂದ ಬಲಾಢ್ಯ ಎಂದೇ ಎಲ್ಲರೂ ಮಾತಾಡಿದರು. ಹೆಸರೂ ಹಾಗೇ ಇದೆ. ನಂದಿನಿ ಅಂದರೆ ವಸಿಷ್ಠರ ಆಶ್ರಮದ ಹಸು. ಜೊತೆಗೆ ಡಾ. ರಾಜ್‌ಕುಮಾರ್ ಸಂಭಾವನೆ ಇಲ್ಲದೆ ಅದರ ಜಾಹೀರಾತಿನಲ್ಲಿ ಬಂದಿದ್ದರು, ಆಮೇಲೆ ಪುನೀತ್ ಕೂಡ ಹಾಗೇ ಬಂದರು. ಆ ಮನೆಯವರ ಒಳ್ಳೆತನ ಹಾಲಿನ ಪ್ಯಾಕೆಟ್ಟಿಗೂ ಅಂಟಿಕೊಂಡಿತು.

ನನ್ನ ಸ್ನೇಹಿತರೊಬ್ಬರ ಊರು ಮಂಡ್ಯದ ಕಡೆ. ಬೆಳಗ್ಗೆ ಐದೂವರೆಗೆ ಅವರ ಜೊತೆ ಹಾಲು ಹಾಕಲು ಹೋಗಿದ್ದೆ. ಅಲ್ಲಿ 'ನಂದಿನಿ' ಎಂಬ ಮಾತೇ ನನ್ನ ಕಿವಿಗೆ ಬೀಳಲಿಲ್ಲ. ಅಲ್ಲಿರುವುದು 'ಡೇರಿ'. ಕ್ಯಾನು ಹಿಡಿದ ಹೆಂಗಸರ ಸಾಲು. ಒಬ್ಬೊಬ್ಬರ ಹಾಲಿನಿಂದ ಒಂದಿಷ್ಟು ತೆಗೆದು ಮಿಷಿನ್ನಿಗೆ ಇಡುತ್ತಾರೆ. ಫ್ಯಾಟು, ಡಿಗ್ರಿ ಪರದೆಯ ಮೇಲೆ ಬರುತ್ತದೆ. ಸಣ್ಣ ಚೀಟಿ ಹೊರಬರುತ್ತದೆ. ಒಬ್ಬ ಅಜ್ಜಿ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, 'ನಿನ್ನೆಗಿಂತ ಕಮ್ಮಿ ಬಂದದಲ್ಲಪ್ಪ' ಎಂದು ಸೆಕ್ರೆಟರಿಯ ಮುಖ ನೋಡಿದರು. ಅವನು ಕ್ಯಾನಿನ ಮುಚ್ಚಳ ತೆಗೆದು ಮೂಸಿ, 'ಹಸಿಮೇವು ಜಾಸ್ತಿ ಹಾಕಿದ್ದೀಯಾ, ಒಣಹುಲ್ಲು ಹಾಕು' ಎಂದ. ಅಲ್ಲಿ ಡೇರಿ ಒಳ್ಳೇದೋ ಕೆಟ್ಟದೋ ಅನ್ನೋದು ತೀರ್ಮಾನ ಆಗುವುದು ಆ ಸೆಕ್ರೆಟರಿಯ ಮಾತಿನಲ್ಲಿ, ಆ ಮಿಷಿನ್ನಿನ ಮೇಲಿನ ನಂಬಿಕೆಯಲ್ಲಿ, ಬಟವಾಡೆ ಹೇಳಿದ ದಿನ ಆಯಿತಾ ಇಲ್ವಾ ಅನ್ನುವುದರಲ್ಲಿ.

ಒಂದೇ ಸಂಸ್ಥೆಗೆ ಎರಡು ವ್ಯಕ್ತಿತ್ವ. ಪ್ಯಾಕೆಟ್ಟು ಕತ್ತರಿಸುವವರಿಗೆ ನಂದಿನಿ ತಾಯಿ, ಮಗಳು, ನಾಡಿನ ಮಾನ. ಕ್ಯಾನು ಹೊರುವವರಿಗೆ ಡೇರಿ ಎಂದರೆ ಗೊತ್ತಿರುವ ಒಬ್ಬ ಮನುಷ್ಯ ಮತ್ತು ಒಂದು ಚೀಟಿ. ನನ್ನ ಅನುಭವದಲ್ಲಿ ಸಂಸ್ಥೆಯಿಂದ ದೂರ ಇದ್ದಷ್ಟೂ ಅದು ಹೆಚ್ಚು ಹೆಚ್ಚು ಒಬ್ಬ ಮನುಷ್ಯನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಆ ಒಬ್ಬ ಮನುಷ್ಯ ಕರಗಿ ಬಹಳ ಮನುಷ್ಯರು ಕಾಣುತ್ತಾರೆ.

ಹತ್ತಿರ ಇದ್ದೂ ಮರೆತುಬಿಡುವುದೂ ಉಂಟು. ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಅಮ್ಮನಿಗೆ ಟೈಲರಿಂಗ್ ಅಂಗಡಿ ಇತ್ತು. ಎರಡು ಮಿಷಿನ್ನು, ಒಂದು ಇಸ್ತ್ರಿಪೆಟ್ಟಿಗೆ. ಸಂಜೆ ನಾಲ್ಕೂವರೆಗೆ ಪಿಗ್ಮಿ ಏಜೆಂಟರು ಬರುತ್ತಿದ್ದರು. ಕಂಕುಳಲ್ಲಿ ಕಪ್ಪು ರೆಕ್ಸಿನ್ ಚೀಲ, ಕೈಯಲ್ಲಿ ಕೊಡೆ. ಅಮ್ಮ ದಿನಕ್ಕೆ ಇಪ್ಪತ್ತು ರೂಪಾಯಿ ಕಟ್ಟುತ್ತಿದ್ದರು. ಜುಲೈ ತಿಂಗಳ ಮಳೆಯಲ್ಲಿ ಹೊಲಿಯಲು ಯಾರೂ ಬಟ್ಟೆ ತರುತ್ತಿರಲಿಲ್ಲ. ಆಗ ಅಮ್ಮ ಮುಖ ಸಣ್ಣ ಮಾಡಿಕೊಂಡರೆ ಅವರು ಚೀಲ ತೆರೆಯುತ್ತಲೇ ಇರಲಿಲ್ಲ. 'ಇರ್ಲಿ ಅಮ್ಮ, ಮಳೆ ಬಿಟ್ಟ ಮೇಲೆ ನೋಡುವ' ಎಂದು ಬಿಸಿನೀರು ಕುಡಿದು ಹೋಗುತ್ತಿದ್ದರು. ಅಮ್ಮ ಎಲ್ಲರಿಗೂ ಹೇಳುತ್ತಿದ್ದದ್ದು: 'ಆ ಬ್ಯಾಂಕು ಒಳ್ಳೆ ಮನಸ್ಸಿಂದು.'

ಆ ಒಳ್ಳೆ ಮನಸ್ಸು ಬ್ಯಾಂಕಿನದ್ದಾಗಿರಲಿಲ್ಲ, ಏಜೆಂಟರದ್ದು. ಪಿಗ್ಮಿ ಯೋಜನೆ ಶುರುವಾದದ್ದು 1928ರಲ್ಲಿ. ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ತೆಗೆದುಕೊಳ್ಳುವ ಏರ್ಪಾಡು ಮಾಡಿತು. ಆಮೇಲೆ ಬೇರೆ ಬ್ಯಾಂಕು, ಸಹಕಾರ ಸಂಘಗಳೂ ಅದನ್ನು ಹಿಡಿದವು. ಮನೆಮನೆಗೆ ನಡೆದು ಬ್ಯಾಂಕಿಗೆ ಒಂದು ಮುಖ, ಒಂದು ದನಿ ಕೊಟ್ಟ ಈ ಏಜೆಂಟರು ಆ ಬ್ಯಾಂಕಿನ ಕಾಯಂ ನೌಕರರಲ್ಲ. ಅವರದ್ದು ಕಮಿಷನ್ ಲೆಕ್ಕ. ಹಕ್ಕಿಗಾಗಿ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಬೇಕಾಯಿತು. 2001ರಲ್ಲಿ ಸುಪ್ರೀಂ ಕೋರ್ಟ್ ಇವರೂ ಕಾನೂನಿನ ಪ್ರಕಾರ ಕಾರ್ಮಿಕರೇ ಎಂದಿತು, ಆದರೆ ಕಾಯಂ ನೌಕರರಿಗೆ ಸಮಾನ ಎಂದು ಒಪ್ಪಲಿಲ್ಲ. ಬ್ಯಾಂಕಿನ ಒಳ್ಳೆ ಹೆಸರನ್ನು ಬಿಸಿಲಲ್ಲಿ ಮಳೆಯಲ್ಲಿ ನಡೆದು ಸಂಪಾದಿಸಿದವರು ಆ ಬ್ಯಾಂಕಿನ ಪಟ್ಟಿಯಲ್ಲೇ ಅರ್ಧ ಹೊರಗಿದ್ದರು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಲೆವಿನ್ಸನ್ 1965ರಲ್ಲೇ ಇದನ್ನು ಗುರುತಿಸಿದ್ದರು. ಸಂಸ್ಥೆಯ ಪರವಾಗಿ ಯಾರೋ ಒಬ್ಬರು ಮಾಡುವುದನ್ನು ಸಂಸ್ಥೆಯೇ ಮಾಡಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಮೇಲಧಿಕಾರಿ ಪ್ರೀತಿಯಿಂದ ನೋಡಿಕೊಂಡರೆ 'ನನ್ನ ಕಂಪನಿಗೆ ನನ್ನ ಮೇಲೆ ಕಾಳಜಿ ಇದೆ' ಎಂದುಕೊಳ್ಳುತ್ತೇವೆ. ಆ ಅಧಿಕಾರಿ ವರ್ಗ ಆಗಿ ಹೋಗುತ್ತಾರೆ. ನಮ್ಮ ನಂಬಿಕೆ ಮಾತ್ರ ಅದೇ ಬೋರ್ಡಿನ ಕೆಳಗೆ ಕೂತಿರುತ್ತದೆ.

ಬೋರ್ಡೇ ಹೋದರೆ? 2017ರಿಂದ 2020ರ ಒಳಗೆ ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಅಳಿಸಿಹೋಯಿತು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಆಯಿತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಒಳಗೆ ಹೋಯಿತು. 2020ರಲ್ಲಿ ಉಡುಪಿಯ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಸೇರಿದವು. ವಿಜಯಾ ಬ್ಯಾಂಕಿನ ವಿಲೀನದ ವಿರುದ್ಧ ಕರಾವಳಿಯಲ್ಲಿ ಪ್ರತಿಭಟನೆ ನಡೆದಾಗ ಅಲ್ಲಿ ಕೇಳಿದ್ದು ಬಡ್ಡಿ ದರದ ಮಾತಿಗಿಂತ ಹೆಚ್ಚಾಗಿ ಮನೆಯ ಮಗುವನ್ನು ಕಳೆದುಕೊಂಡ ಮಾತು. ಲೆಕ್ಕದ ಪುಸ್ತಕದಲ್ಲಿ ಠೇವಣಿ, ಸಾಲ, ಶಾಖೆ, ಸಿಬ್ಬಂದಿ ಎಲ್ಲ ಹೊಸ ಮನೆಗೆ ಹೋದವು. ಆ ಸ್ವಭಾವ ಹೋಗಲು ಯಾವ ಖಾತೆಯೂ ಇರಲಿಲ್ಲ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಇವತ್ತಿಗೂ ಕಂಡಕ್ಟರು ಕೂಗುವುದು 'ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್' ಅಂತಲೇ.

ಇಷ್ಟಾದರೂ ನಾವು ಸಂಸ್ಥೆಗೆ ಕೊಡುವ ಮನಸ್ಸು ಪೂರ್ತಿ ಮನುಷ್ಯನ ಮನಸ್ಸಲ್ಲ. 2008ರಲ್ಲಿ ಜೋಶುವಾ ನೋಬ್ ಮತ್ತು ಜೆಸ್ಸಿ ಪ್ರಿನ್ಸ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ಜನರ ಮುಂದೆ ಕೆಲವು ವಾಕ್ಯ ಇಟ್ಟರು. ಕಂಪನಿ ಉದ್ದೇಶ ಇಟ್ಟುಕೊಂಡಿದೆ, ಕಂಪನಿ ಬಯಸುತ್ತಿದೆ ಎಂಬ ವಾಕ್ಯಗಳು ಸಹಜ ಎಂದು ಜನ ಹೇಳಿದರು. ಕಂಪನಿಗೆ ಒಳಗೊಳಗೇ ನೋವಾಗುತ್ತಿದೆ ಎಂಬಂಥ ವಾಕ್ಯ ಬಂದಾಗ ಏನೋ ಸರಿ ಇಲ್ಲ ಎಂದರು. ಸಂಸ್ಥೆಗೆ ತಲೆ ಇದೆ ಎಂದು ಒಪ್ಪುತ್ತೇವೆ, ಕರುಳು ಇದೆ ಎಂದು ಒಪ್ಪುವುದಿಲ್ಲ. ಇದರ ಪರಿಣಾಮವನ್ನು 2015ರಲ್ಲಿ ತೇಜ್ ರಾಯ್ ಮತ್ತು ಡೇನಿಯಲ್ ಡಿಯರ್‌ಮಯರ್ ತೋರಿಸಿದರು. ತಪ್ಪು ಮಾಡಿದ ಸಂಸ್ಥೆಯ ಮೇಲೆ ಜನರಿಗೆ ಸಿಟ್ಟು ಬರುತ್ತದೆ. ಸಂಸ್ಥೆಗೇ ಅನ್ಯಾಯ ಆದರೆ, ಮನುಷ್ಯನಿಗೆ ಆದಾಗ ಹುಟ್ಟುವ ಮರುಕ ಹುಟ್ಟುವುದಿಲ್ಲ.

ಹಾಗಾದರೆ ನಂದಿನಿಗೆ, ವಿಜಯಾ ಬ್ಯಾಂಕಿಗೆ ಮರುಕ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ನನಗೆ ಅನ್ನಿಸುವುದು, ಅಲ್ಲಿ ನಾವು ಮರುಗಿದ್ದು ನಮಗಾಗಿಯೇ. ನಮ್ಮ ರೈತರು, ನಮ್ಮ ಊರು, ನಮ್ಮ ಅಜ್ಜನ ಪಾಸ್‌ಬುಕ್ಕು. ಸಂಸ್ಥೆ 'ನಾವು' ಆದಾಗ ಮಾತ್ರ ಅದಕ್ಕೆ ಕರುಳು ಮೂಡುತ್ತದೆ.

ಸಿಟ್ಟಿನ ಕಡೆ ಬರೋಣ. ಅಲ್ಲೇ ಈ ವಿಷಯ ತೀರಾ ಗಂಭೀರ ಆಗುವುದು. ಕಾನೂನು ಕೂಡ ಕಂಪನಿಯನ್ನು ಒಬ್ಬ ವ್ಯಕ್ತಿ ಎಂದೇ ಎಣಿಸುತ್ತದೆ. 1897ರಲ್ಲಿ ಲಂಡನ್ನಿನ ಚರ್ಮ ಮತ್ತು ಬೂಟಿನ ವ್ಯಾಪಾರಿ ಸಾಲೊಮನ್ ಅವರ ಪ್ರಕರಣದಲ್ಲಿ, ಅವರೇ ಕಟ್ಟಿದ ಕಂಪನಿ ಅವರಿಂದ ಬೇರೆಯಾದ ಒಬ್ಬ ವ್ಯಕ್ತಿ ಎಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಕಂಪನಿಯ ಸಾಲ ಕಂಪನಿಯದ್ದು. ನಮ್ಮ ಕಂಪನಿ ಕಾನೂನಿನ ಬುಡದಲ್ಲೂ ಇದೇ ಇದೆ. ಈ ವ್ಯಕ್ತಿ ಆಸ್ತಿ ಮಾಡಬಹುದು, ದಾವೆ ಹೂಡಬಹುದು. ತಪ್ಪು ಮಾಡಿದರೆ? ಜೈಲೇ ಕಡ್ಡಾಯ ಇರುವ ಅಪರಾಧಕ್ಕೂ ಕಂಪನಿಯ ಮೇಲೆ ಮೊಕದ್ದಮೆ ನಡೆಸಬಹುದು ಎಂದು ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಜೈಲಿಗೆ ಹಾಕಲು ಕಂಪನಿಗೆ ಮೈ ಇಲ್ಲವಲ್ಲ. ಉಳಿಯುವುದು ದಂಡ ಮಾತ್ರ.

ಭೋಪಾಲ್ ನೆನಪಿಸಿಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯಿಂದ ವಿಷದ ಅನಿಲ ಸೋರಿ ಸಾವಿರಾರು ಜನ ಸತ್ತರು. 'ಯೂನಿಯನ್ ಕಾರ್ಬೈಡ್ ಕೊಂದಿತು' ಎಂದು ದೇಶವೇ ಹೇಳಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿ ಆಯಿತು. 2001ರಲ್ಲಿ ಡೌ ಎಂಬ ಕಂಪನಿ ಕಾರ್ಬೈಡನ್ನು ಕೊಂಡಿತು. ಆ ಕಾರ್ಖಾನೆ ನಡೆಸಿದ್ದು ನಾವಲ್ಲ ಎಂದಿತು. 2010ರಲ್ಲಿ ಭೋಪಾಲ್ ಕೋರ್ಟು ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷ ಶಿಕ್ಷೆ ಹೇಳಿತು. ಅಮೆರಿಕದಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಅಧ್ಯಕ್ಷರಾಗಿದ್ದ ವಾರೆನ್ ಆಂಡರ್ಸನ್ ವಿಚಾರಣೆಗೆ ಬರದೆ 2014ರಲ್ಲಿ ತೀರಿಕೊಂಡರು. ಹೆಚ್ಚಿನ ಪರಿಹಾರ ಕೇಳಿದ ಅರ್ಜಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಜಾ ಆಯಿತು. ನಾವು ಒಂದು ಹೆಸರಿನ ಮೇಲೆ ಸಿಟ್ಟು ಇಟ್ಟುಕೊಂಡು ಕೂತೆವು. ಆ ಹೆಸರು ಕೈ ಬದಲಾಯಿಸಿತು. ಸುರಕ್ಷತೆಗೆ ಖರ್ಚು ಕಡಿಮೆ ಮಾಡಿ ಎಂದವರು, ರಾಸಾಯನಿಕವನ್ನು ತಣ್ಣಗಿಡುವ ಶೈತ್ಯ ಘಟಕ ನಿಲ್ಲಿಸಿ ಎಂದವರು ಮನುಷ್ಯರು. ಅವರ ಬದಲು ನಮ್ಮ ನೆನಪಿನಲ್ಲಿ ಉಳಿದದ್ದು ಒಂದು ಹೆಸರು ಮಾತ್ರ.

ಇಂಥ ದೊಡ್ಡ ದುರಂತ ಬೇಡ, ನಮ್ಮ ಐಟಿ ಮಕ್ಕಳ ವಿಷಯ ನೋಡಿ. 2024ರ ಅಕ್ಟೋಬರ್ 9ರಂದು ರತನ್ ಟಾಟಾ ತೀರಿಕೊಂಡಾಗ ಟಾಟಾ ಕಂಪನಿಗಳಲ್ಲಿ ಒಂದು ದಿನವೂ ದುಡಿಯದವರು ಮನೆಯ ಹಿರಿಯರು ಹೋದ ಹಾಗೆ ಅತ್ತರು. ಆ ಗೌರವಕ್ಕೆ ಬುನಾದಿ ಇತ್ತು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ನಿಗದಿ ಮಾಡಿದ್ದರು. 2025ರ ಜುಲೈನಲ್ಲಿ ಟಾಟಾದವರದೇ ಐಟಿ ಕಂಪನಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು, ಅಂದರೆ ಶೇಕಡಾ 2ರಷ್ಟು ಸಿಬ್ಬಂದಿಯನ್ನು ತೆಗೆಯುತ್ತೇವೆ ಎಂದಿತು. ಬೇರೆ ಎಷ್ಟೋ ಕಂಪನಿಗಳು ಇದಕ್ಕಿಂತ ಜಾಸ್ತಿ ಜನರನ್ನು ತೆಗೆದಿದ್ದವು. ಆದರೂ ಇಲ್ಲಿ ಜನ ಆಡಿದ್ದು ನಂಬಿಕೆ ದ್ರೋಹದ ಮಾತು. ಟಾಟಾದವರೂ ಹೀಗೆ ಮಾಡ್ತಾರಾ ಅಂತ. ಕೆಲಸ ಹೋಗುವುದು ಒಂದು ನೋವು. ಅಪ್ಪ ಎಂದುಕೊಂಡವರು ಹೊರಗೆ ಕಳಿಸಿದರು ಅನ್ನುವುದು ಇನ್ನೊಂದು ನೋವು.

'ನಾವೆಲ್ಲ ಒಂದೇ ಕುಟುಂಬ' ಎಂದು ಮೊದಲ ದಿನವೇ ಹೇಳುವ ಕಚೇರಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಆ ಮಾತಿನ ಬೆಲೆ ಯಾರು ಕೊಡುತ್ತಾರೆ ಎಂದು ನೋಡಬೇಕು. ಕುಟುಂಬ ಎಂದ ಮೇಲೆ ಶನಿವಾರವೂ ಬರಬೇಕು, ಸಂಬಳದ ಮಾತು ಎತ್ತಿದರೆ ಸ್ವಾರ್ಥಿ, ಬಿಟ್ಟು ಹೋದರೆ ಕೃತಘ್ನ. ಒಪ್ಪಂದದ ಕಾಗದದಲ್ಲಿ ಮಾತ್ರ ಕುಟುಂಬ ಇಲ್ಲ, ನೋಟಿಸ್ ಅವಧಿ ಇದೆ. ಈ ಮಾತನ್ನು ನಂಬಿ ದುಡಿದ ಹುಡುಗ ಹುಡುಗಿಯರನ್ನು ದಡ್ಡರು ಎನ್ನಬಾರದು. ಪಕ್ಕದ ಸೀಟಿನವರು ತೋರಿಸಿದ ಪ್ರೀತಿ ನಿಜವೇ. ಅವರು ಅದನ್ನು ಕಂಪನಿಯ ಖಾತೆಗೆ ಜಮಾ ಮಾಡಿದರು, ಅಷ್ಟೇ. ನಮ್ಮ ಅಮ್ಮ ಮಾಡಿದ್ದೂ ಅದನ್ನೇ.

ಕಂಪನಿಗಳು ತಮಗೆ ತಾವೇ ಮುಖ ಮಾಡಿಕೊಳ್ಳುವುದು ಹೊಸದಲ್ಲ. ಏರ್ ಇಂಡಿಯಾದ ಮಹಾರಾಜ ಬಂದದ್ದು 1946ರಲ್ಲಿ, ಅಮುಲ್ ಹುಡುಗಿ 1966ರಲ್ಲಿ. ಆ ಮುಖಗಳು ಗೋಡೆಯ ಮೇಲಿದ್ದವು, ನಮ್ಮನ್ನು ನಗಿಸುತ್ತಿದ್ದವು. ಈಗಿನವು ನಮ್ಮ ಜೊತೆ ಮಾತಾಡುತ್ತವೆ. ರೈಲ್ವೆ ಟಿಕೆಟಿನ ಐಆರ್‌ಸಿಟಿಸಿ 2018ರಲ್ಲಿ 'ಆಸ್ಕ್ ದಿಶಾ' ಎಂಬ ಹೆಣ್ಣಿನ ಹೆಸರಿನ ಕಂಪ್ಯೂಟರ್ ಸಹಾಯಕಿಯನ್ನು ತಂದಿತು. ಅದನ್ನು ಕಟ್ಟಿದ್ದು ಬೆಂಗಳೂರಿನದೇ ಒಂದು ಕಂಪನಿ. ಈಗ ಎಷ್ಟೋ ಬ್ಯಾಂಕಿಗೆ, ವಿಮೆಗೆ, ಫೋನಿಗೆ ಇಂಥ ಒಬ್ಬೊಬ್ಬಳು ಇದ್ದಾಳೆ. ಅವಳು ನಮ್ಮ ಹೆಸರು ಹಿಡಿದು ಕರೆಯುತ್ತಾಳೆ, 'ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ' ಎನ್ನುತ್ತಾಳೆ. ಮೊದಲು ಏಜೆಂಟರ ಒಳ್ಳೆತನ ಬ್ಯಾಂಕಿಗೆ ಅಂಟಿಕೊಳ್ಳುತ್ತಿತ್ತು. ಈಗ ಒಳ್ಳೆತನವನ್ನು ಬ್ಯಾಂಕೇ ಬರೆಸಿ ಇಟ್ಟಿರುತ್ತದೆ, ಅದರ ಹಿಂದೆ ಯಾವ ಏಜೆಂಟರೂ ಇರುವುದಿಲ್ಲ. ಅರ್ಜೆಂಟ್ ಎಂದು ಹೇಳಿದರೆ ಅವಳು ಮರುಗುತ್ತಾಳೆ, ಆದರೆ ಅವಳಿಗೆ ಚೀಲ ಮುಚ್ಚಿಕೊಂಡು 'ಇರ್ಲಿ ಅಮ್ಮ' ಎನ್ನುವ ಅಧಿಕಾರ ಇಲ್ಲ.

ಹೋದ ವರ್ಷ ಅಮ್ಮನ ಖಾತೆಯಲ್ಲಿ ಪಿಂಚಣಿ ಬಾರದೆ ಎರಡು ತಿಂಗಳು ನಿಂತುಹೋಯಿತು. ಯಾವ ಬ್ಯಾಂಕು ಎಂದು ಹೇಳುವುದಿಲ್ಲ. ನಾನು ಫೋನಿನಲ್ಲಿ ಆ ಸಹಾಯಕಿಯ ಜೊತೆ ಅರ್ಧ ಗಂಟೆ ಟೈಪ್ ಮಾಡಿದೆ. ಅವಳು ಮೂರು ಸಲ ಕ್ಷಮೆ ಕೇಳಿದಳು. ದೂರಿನ ಸಂಖ್ಯೆ ಕೊಟ್ಟಳು. ನನಗೆ ಸಿಟ್ಟು ಬಂದು, 'ಈ ಬ್ಯಾಂಕಿಗೆ ಹೃದಯವೇ ಇಲ್ಲ' ಎಂದೆ. ಅಮ್ಮ ಏನೂ ಹೇಳಲಿಲ್ಲ. ಮರುದಿನ ಕೊಡೆ ಹಿಡಿದು ತಾವೇ ಶಾಖೆಗೆ ಹೋದರು. ಮಧ್ಯಾಹ್ನ ಬಂದು, 'ಆಧಾರ್‌ನಲ್ಲಿ ಹೆಸರು ಬೇರೆ ಉಂಟಂತೆ, ಒಂದು ಅಕ್ಷರ. ಸರಿ ಮಾಡಿ ಕೊಡ್ತೇನೆ ಅಂದಿದ್ದಾರೆ' ಎಂದರು. ಯಾರು ಅಂದದ್ದು ಎಂದು ಕೇಳಿದೆ. ಪಾಸ್‌ಬುಕ್ಕಿನ ಕೊನೆಯ ಪುಟ ತಿರುಗಿಸಿ ತೋರಿಸಿದರು. ಅಲ್ಲಿ ಟೈಲರ್ ಚಾಕಿನಿಂದ ಬರೆದ ಹಾಗೆ ದಪ್ಪ ಅಕ್ಷರದಲ್ಲಿ ಒಬ್ಬ ಹುಡುಗಿಯ ಹೆಸರಿತ್ತು. ಅದರ ಕೆಳಗೆ: '3ನೇ ಕೌಂಟರ್. ಹನ್ನೊಂದರ ಮೇಲೆ ಹೋಗಬೇಕು. ಕನ್ನಡ ಬರ್ತದೆ.'